ಕೇಳದೆ ಹೂಂ ಅನ್ನದವಳ ಕಿವಿಯಲ್ಲಿ

ನಾನು ಒಂದು ಶ್ರವಣಯಂತ್ರ. ಗೋಡಂಬಿಯ ಆಕಾರ, ಮಣ್ಣಿನ ಬಣ್ಣ. ಧೂಳಿನ ಕಣವೂ ಸುಳಿಯದ ಯಾವುದೋ ಕಾರ್ಖಾನೆಯ ಕೋಣೆಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಚಿಮಟದಿಂದ ನನ್ನ ಒಡಲೊಳಗೆ ತಂತಿಗಳನ್ನು ಕೂರಿಸಿದಳು. ಹುಟ್ಟಿದ ಕೂಡಲೇ ಕೇಳಿದ ಸದ್ದು ನನ್ನದೇ ಸೀಟಿ. ಕಿವಿಗೆ ಸರಿಯಾಗಿ ಕೂರದಿದ್ದರೆ ನಾವು ಹಾಗೆ ಕಿರುಚುತ್ತೇವೆ. ನೆಮ್ಮದಿ ನಮ್ಮ ಜಾತಿಗೆ ಬರೆದದ್ದಲ್ಲ.

ನನ್ನ ಮೊದಲ ಯಜಮಾನರು ಹಾವೇರಿಯ ನಿವೃತ್ತ ಪೋಸ್ಟ್ ಮಾಸ್ತರರು. ಎರಡು ತಿಂಗಳು ಹಾಕಿಕೊಂಡರು. ಆಮೇಲೆ, "ಈ ಮನಿಯಾಗ ಕೇಳೂವಂಥಾದ್ದು ಏನೂ ಇಲ್ಲ" ಎಂದು ಡಬ್ಬಿಯಲ್ಲಿಟ್ಟರು. ಅವರು ತೀರಿಕೊಂಡ ಮೇಲೆ ಮಗಳು ನನ್ನನ್ನು ಕಿವಿ ಪರೀಕ್ಷೆ ಮಾಡುವ ಪ್ರಭಾಕರ ಅವರ ಅಂಗಡಿಗೆ ಮರಳಿಸಿದಳು.

ಅಲ್ಲಿಗೆ ಬಂದವಳು ಬ್ಯಾಡಗಿಯ ಫಕ್ಕೀರವ್ವ. ಎಪ್ಪತ್ತರ ಹತ್ತಿರದ ವಯಸ್ಸು. "ಹೊಸಾದು ಬ್ಯಾಡ, ಹಳೇದಿದ್ರ ಕೊಡಪಾ. ನಾನೂ ಹಳೇಕೀನ" ಎಂದಳು. ಪ್ರಭಾಕರ ಅವಳ ಕಿವಿಯ ಅಚ್ಚು ತೆಗೆದು ನನ್ನನ್ನು ಹೊಂದಿಸಿದರು.

ಅವಳದು ಖಾರ ಕುಟ್ಟುವ ಗಿರಣಿ. ನಲವತ್ತು ವರ್ಷ ಆ ಕಬ್ಬಿಣದ ಒನಕೆಗಳ ಪಕ್ಕ ನಿಂತು ಕಿವಿ ಕಳೆದುಕೊಂಡಿದ್ದಳು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಸತ್ತ. ಮಕ್ಕಳಿರಲಿಲ್ಲ. ಗಂಡನ ಮನೆಯವರು ಒಂದು ಟ್ರಂಕು ಕೊಟ್ಟು ಬಾಗಿಲು ತೋರಿಸಿದರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯಿಂದ ಶುರುಮಾಡಿ, ಗಿರಣಿ ಹಾಕಿ, ಜಾಗ ಕೊಂಡು, ಅದರ ಮೇಲೊಂದು ಮನೆ ಕಟ್ಟಿದ್ದಳು. ಹಿಂದಿನ ಖೋಲಿಯಲ್ಲಿ ಮಾಬೂಬಿ ಇದ್ದಳು. ಗಂಡ ಬಿಟ್ಟುಹೋದ ಮೇಲೆ ಖಾರ ಜರಡಿ ಹಿಡಿಯಲು ಬಂದವಳು, ಮೂವತ್ತು ವರ್ಷವಾದರೂ ಹೋಗಿರಲಿಲ್ಲ.

ನನ್ನನ್ನು ಹಾಕಿಕೊಂಡು ಮನೆಗೆ ಬಂದ ದಿನ ಮಾಬೂಬಿ ರೂಢಿಯಂತೆ ಕೂಗಿದಳು: "ಅಕ್ಕಾ, ಚಾ ಇಡ್ಲೇನು?"

ಫಕ್ಕೀರವ್ವ ಕಿವಿ ಮುಚ್ಚಿಕೊಂಡು ನಕ್ಕಳು. "ಸಾವಕಾಶ ಅನ್ನ. ಊರಿಗೇ ಚಾ ಕುಡಸ್ತಿ ಏನ?"

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಗ್ಗೆ ಶೇಖಪ್ಪ ಬಂದ. ಗಂಡನ ತಮ್ಮನ ಮಗ. ಆ ಮನೆಯಲ್ಲಿ ಉಳಿದವನು ಅವನೊಬ್ಬನೇ. ವರ್ಷಗಟ್ಟಲೆ ಮುಖ ತೋರಿಸದವನ ಕೈಯಲ್ಲಿ ಹಣ್ಣಿನ ಚೀಲವಿತ್ತು. ಖಾರದ ಘಾಟಿಗೆ ಫಕ್ಕೀರವ್ವ ತಲೆತುಂಬ ಸೆರಗು ಹೊದ್ದಿದ್ದಳು. ನಾನು ಅವನಿಗೆ ಕಾಣಲಿಲ್ಲ. ಎದುರಿಗೇ ಕುಳಿತು ಫೋನಿನಲ್ಲಿ ಮಾತಾಡತೊಡಗಿದ.

"ಹೂಂ, ಜಾಗಾ ನೋಡಾಕತ್ತೀನಿ. ಮುದುಕಿಗಿ ಮಕ್ಕಳಿಲ್ಲ. ಆಕಿ ಹೋದ್ಲಂದ್ರ ಕಾಯ್ದೇ ಪ್ರಕಾರ ನನಗ ಬರೂದು. ಹಿಂದಿನ ಖೋಲ್ಯಾಗಿನ ಹೆಂಗಸನ್ನ ಅವತ್ತ ಹೊರಗ ಹಾಕೂದು." ಫೋನು ಇಟ್ಟು, ಅವಳತ್ತ ತಿರುಗಿ ಗಂಟಲು ಹರಿಯುವಂತೆ ಕೂಗಿದ: "ದೊಡ್ಡವ್ವಾ, ಆರಾಮ ಅದೀ?"

"ಆರಾಮ ಅದೀನಪಾ" ಎಂದಳು. ಕಿವಿಯ ಹಿಂದಿನ ನರ ಮಾತ್ರ ನನ್ನ ಮೈಗೆ ಡವಡವ ಬಡಿಯುತ್ತಿತ್ತು.

ಅಂದಿನಿಂದ ಅವಳ ಕೈ ಒಂದೆಡೆ ನಿಲ್ಲಲಿಲ್ಲ. ನನ್ನನ್ನು ತೆಗೆಯುವಳು, ಒರೆಸುವಳು, ಮತ್ತೆ ಸಿಕ್ಕಿಸುವಳು. ಹಿಟ್ಟು ನಾದುತ್ತ ಅರ್ಧಕ್ಕೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುವಳು. ಅವನು ಹೇಳಿದ್ದು ಖರೇ ಇರಬಹುದೇ? ಕೇಳುವುದು ಯಾರನ್ನು?

ಊರಿನ ಒಬ್ಬ ವಕೀಲರ ಬಳಿ ಹೋದೆವು. ಅವಳು ಶೇಖಪ್ಪನ ಹೆಸರು ಹೇಳಿದ್ದೇ ತಡ, "ಅಂವ ನಮ್ಮ ದೋಸ್ತ ಅದಾನಲ್ರೀ" ಎಂದು ಫೋನು ಕೈಗೆತ್ತಿಕೊಂಡರು. ಫಕ್ಕೀರವ್ವ ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಮರುವಾರ ಬಸ್ಸು ಹತ್ತಿ ಹಾವೇರಿಗೆ. ಮನೆ ಮಾಬೂಬಿಗೆ ಉಳಿಯಬೇಕೆಂದು ಅವಳು ಹೇಳಿದಳು. ಅಲ್ಲಿಯ ವಕೀಲರು ಕಂಪ್ಯೂಟರಿನಿಂದ ಕಣ್ಣು ಕೀಳದೆ, "ದಾನಪತ್ರ ಮಾಡಿಬಿಡ್ರಿ. ಇವತ್ತ ಆಗತೈತಿ" ಎಂದರು.

"ಅಂದ್ರ ಇವತ್ತಿಂದ ಮನಿ ನಂದಲ್ಲೇನ್ರಿ?"

ಅವರು ಸಹಿಯ ಜಾಗ ತೋರಿಸಿದರು. ಮೇಲೆ ಫ್ಯಾನಿನ ಗರಗರ. ನನ್ನೊಳಗೆ ಮಾತೂ ಗಾಳಿಯೂ ಕಲಸಿಹೋದವು. ಅವಳು ಪೆನ್ನು ಮುಟ್ಟಲಿಲ್ಲ.

ಕೋರ್ಟಿನ ಗೇಟಿನ ಬಳಿ ಝೆರಾಕ್ಸ್ ಅಂಗಡಿಯ ಹೆಂಗಸು ಅವಳ ಮುಖ ನೋಡಿ ಕೂರಿಸಿ ನೀರು ಕೊಟ್ಟಳು. "ವಕೀಲ ಸರ್ವಮಂಗಳಾ ಬಾಯಾರ ಕಡೆ ಹೋಗ್ರಿ. ಹೇಳಿದ್ದು ತಿಳೀತನಕಾ ಅವ್ರು ಕಾಗದ ಮುಂದ ಇಡಂಗಿಲ್ಲ."

ಸರ್ವಮಂಗಳಾ ಕಬ್ಬೂರ ನನ್ನನ್ನು ಕಂಡೊಡನೆ ಎದ್ದು ಫ್ಯಾನು ಆರಿಸಿದರು. ಕುರ್ಚಿಯನ್ನು ಎದುರಿಗೆ ಎಳೆದುಕೊಂಡು, ಬೆವರುತ್ತಲೇ ಒಂದೊಂದಾಗಿ ಕೇಳಿದರು. ಜಾಗ ಯಾರು ಕೊಂಡದ್ದು? ಅಪ್ಪ ಕೊಟ್ಟದ್ದೋ, ಗಂಡನದೋ, ಸ್ವಂತ ದುಡಿಮೆಯದೋ? ಕಾಗದ ಯಾರ ಹೆಸರಿನಲ್ಲಿದೆ?

"ಎಲ್ಲಾ ನಂದ ದುಡಿಮೀರಿ."

"ಹಂಗಿದ್ರ ಕೇಳ್ರಿ. ಶೇಖಪ್ಪ ಹೇಳಿದ್ದು ಸುಳ್ಳಲ್ಲ. ಹಿಂದೂ ಹೆಣ್ಮಗಳು ಏನೂ ಬರೀದ ತೀರಿಕೊಂಡ್ರ, ಮಕ್ಕಳೂ ಗಂಡನೂ ಇಲ್ಲಂದ್ರ, ಆಕಿ ದುಡಿದದ್ದೂ ಗಂಡನ ವಾರಸುದಾರರಿಗೆ ಹೋಗತೈತಿ."

"ನನ್ನ ಹೊರಗ ಹಾಕಿದವ್ರಿಗೆ?"

"ಕಾಯ್ದೆ ಅದನ್ನ ಕೇಳಂಗಿಲ್ಲ. ಆದ್ರ ನೀವು ಮೃತ್ಯುಪತ್ರ, ಅಂದ್ರ ಉಯಿಲು, ಬರದ್ರ ನಿಮ್ಮ ಮಾತು ನಡೀತೈತಿ. ನೀವು ಇರೂತನಕಾ ಮನಿ ನಿಮ್ದ. ಮನಸ್ಸು ಬದಲಾದ್ರ ಪತ್ರಾನೂ ಬದಲಿ ಮಾಡಬಹುದು. ನೀವು ಸಹಿ ಮಾಡೂದನ್ನ ನೋಡಿದ ಇಬ್ಬರು ಸಾಕ್ಷಿ ಬೇಕು. ಆಸ್ತಿ ಯಾರಿಗೆ ಹೋಗತೈತೋ ಅವ್ರು ಸಾಕ್ಷಿ ಹಾಕೂದು ಬ್ಯಾಡ, ಅವತ್ತ ಆಫೀಸಿಗೂ ಬರೂದು ಬ್ಯಾಡ. ನೋಂದಣಿ ಕಡ್ಡಾಯ ಅಲ್ಲ. ಆದ್ರ ನಿಮ್ಮದನ್ನ ಮಾಡ್ಸೂಣು. ಕಿವುಡಿಗೆ ಏನೂ ತಿಳೀಲಿಲ್ಲ ಅಂತ ನಾಳೆ ಅಂತಾರ."

ಮನೆಗೆ ಬಂದು ವಿಷಯ ಹೇಳಿದಾಗ ಮಾಬೂಬಿ ಜರಡಿ ಕೆಳಗಿಟ್ಟಳು.

"ನನ್ನ ಹೆಸರಿಗೆ? ಯಾರನ್ನ ಕೇಳಿ ಬರಸ್ತಿ? ಮುದುಕಿನ್ನ ಮರುಳು ಮಾಡಿದ್ಲು ಅಂತ ಊರು ನನ್ನ ಮುಖಕ್ಕ ಅಂತೈತಿ. ನನಗ ಬ್ಯಾಡ."

ಆರು ದಿನ ಮಾತಿಲ್ಲ. ಚಹಾ ಬರುತ್ತಿತ್ತು, ಬಟ್ಟಲು ನೆಲಕ್ಕೆ ತಾಗುವ ಸದ್ದಷ್ಟೇ ನನಗೆ ಸಿಗುತ್ತಿತ್ತು. ಏಳನೇ ದಿನ ಫಕ್ಕೀರವ್ವ ಗಿರಣಿ ನಿಲ್ಲಿಸಿ ಅವಳ ಖೋಲಿಯ ಹೊಸ್ತಿಲಲ್ಲಿ ಕುಳಿತಳು.

"ನಾ ಸುಮ್ಮನಿದ್ರ ಯಾರಿಗೂ ಕೊಟ್ಟಿಲ್ಲ ಅಂದ್ಕೊಂಡಿದ್ದೆ ಮಾಬೂಬಿ. ಸುಮ್ಮನಿದ್ರ ಶೇಖಪ್ಪಗ ಕೊಟ್ಟಂಗ. ಅಷ್ಟ ನನಗ ತಿಳಿದದ್ದು."

ಮಾಬೂಬಿ ಎದ್ದು ಜರಡಿ ಕೈಗೆತ್ತಿಕೊಂಡಳು. ಹೂಂ ಅನ್ನಲಿಲ್ಲ. ಬ್ಯಾಡ ಅಂತಲೂ ಅನ್ನಲಿಲ್ಲ.

ನೋಂದಣಿಯ ದಿನ ಅವಳು ಮನೆಯಲ್ಲೇ ಉಳಿದಳು. ಸಾಕ್ಷಿಗೆ ಪ್ರಭಾಕರ ಮತ್ತು ಫಕ್ಕೀರವ್ವನಿಗೆ ಔಷಧ ಕೊಡುತ್ತಿದ್ದ ಡಾಕ್ಟರು ಬಂದಿದ್ದರು. ಯಾರ ಬಾಯಿಂದ ಗೊತ್ತಾಯಿತೋ, ಶೇಖಪ್ಪ ಕಚೇರಿಯ ಬಾಗಿಲಲ್ಲೇ ನಿಂತಿದ್ದ. "ಸಾಹೇಬ್ರ, ಆಕಿಗೆ ಏನೂ ಕೇಳಂಗಿಲ್ಲ. ಎಲ್ಲಾದಕ್ಕೂ ಹೂಂ ಅಂತಾಳ, ಅಷ್ಟ!"

ಅಧಿಕಾರಿ ಅವನನ್ನು ಹೊರಗೆ ನಿಲ್ಲಲು ಹೇಳಿ ಪತ್ರ ಓದತೊಡಗಿದರು. ಅಷ್ಟರಲ್ಲಿ ನನ್ನ ಬ್ಯಾಟರಿ ಸೋತಿತು. ಎರಡು ಸಲ ಕೂಗಿ ಎಚ್ಚರಿಸಿದೆ; ಅಷ್ಟೇ, ನಾನು ಕಲ್ಲಾದೆ. ಆಮೇಲೆ ಆದದ್ದನ್ನು ಡಾಕ್ಟರು ಎಷ್ಟೋ ಸಲ ಹೇಳಿದ್ದರಿಂದ ನನಗೆ ಗೊತ್ತು.

ಅಧಿಕಾರಿ ಓದಿ ಮುಗಿಸಿ, "ಒಪ್ಪಿಗೆನಾ?" ಎಂದರಂತೆ. ಎಲ್ಲರೂ ಅವಳ ಮುಖ ನೋಡಿದರಂತೆ. ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು.

"ನಿಲ್ರಿ," ಎಂದಳಂತೆ ಫಕ್ಕೀರವ್ವ. "ನನಗ ಕೇಳವಲ್ದು. ಕೇಳದ ನಾ ಹೂಂ ಅನ್ನಂಗಿಲ್ಲ."

ಸೊಂಟದ ಸಂಚಿಯಿಂದ ಹೊಸ ಬ್ಯಾಟರಿ ತೆಗೆದಳು. ಖಾರಕ್ಕೆ ದಪ್ಪಗಟ್ಟಿದ ಬೆರಳಿಗೆ ಅದರ ಮೇಲಿನ ಅಂಟುಪಟ್ಟಿ ಸಿಗಲಿಲ್ಲ. ಪ್ರಭಾಕರ ಕೈ ಚಾಚಿದರೆ ಬೇಡವೆಂದಳು. ಹಲ್ಲಿನಿಂದ ಕಿತ್ತಳು. ಪಟ್ಟಿ ಕಿತ್ತ ಮೇಲೆ ಆ ಬ್ಯಾಟರಿ ಕೆಲಸ ಮಾಡಲು ಒಂದು ನಿಮಿಷ ಗಾಳಿ ಕುಡಿಯಬೇಕು. ಅಧಿಕಾರಿ, ಗುಮಾಸ್ತರು, ವಕೀಲರು ಎಲ್ಲರೂ ಅವಳ ಅಂಗೈಯನ್ನೇ ನೋಡುತ್ತ ಕಾದರು. ಬ್ಯಾಟರಿ ಹಾಕಿ ನನ್ನನ್ನು ಕಿವಿಗೆ ಸಿಕ್ಕಿಸಿದಳು; ನನಗೆ ಜೀವ ಬಂತು.

"ಈಗ ಓದ್ರಿ. ಮೊದಲಿಂದ."

ಅಧಿಕಾರಿ ಮೊದಲಿನಿಂದ ಓದಿದರು. ಅವಳು ಒಂದೊಂದು ಮಾತನ್ನೂ ತಿರುಗಿ ಹೇಳಿ, ಸಹಿ ಮಾಡಿದಳು.

ಆಮೇಲೆ ನಾಲ್ಕು ವರ್ಷ ಬದುಕಿದಳು. ಹೋದದ್ದು ಒಂದು ಮಧ್ಯಾಹ್ನ, ಊಟದ ತಾಟಿನ ಮುಂದೆ. ಪತ್ರದಲ್ಲಿ ಮನೆ, ಗಿರಣಿ, ಜಾಗ ಎಲ್ಲ ಇದ್ದವು. ನನ್ನ ಹೆಸರು ಬರೆಸಲು ಯಾರಿಗೂ ತೋಚಿರಲಿಲ್ಲ. ಮಾಬೂಬಿ ಸುಮ್ಮನೆ ಎತ್ತಿಟ್ಟುಕೊಂಡಳು. ಅದೇ ಒನಕೆಗಳ ಸದ್ದಿಗೆ ಅವಳ ಕಿವಿಯೂ ಮಂದವಾಗಿತ್ತು. ಪ್ರಭಾಕರ ಹೊಸ ಅಚ್ಚು ಮಾಡಿಕೊಟ್ಟರು.

ಹಾಗಾಗಿ ಕೋರ್ಟನ್ನು ನಾನು ಅವಳ ಕಿವಿಯಲ್ಲಿ ಕೂತು ಕೇಳಿದೆ. ಕಿವುಡಿಗೆ ಮೋಸಮಾಡಿ ಬರೆಸಿಕೊಂಡರೆಂದು ಶೇಖಪ್ಪ ದಾವೆ ಹೂಡಿದ್ದ. ಡಾಕ್ಟರು ಕಟಕಟೆಯಲ್ಲಿ ನಿಂತು ಆ ಒಂದು ನಿಮಿಷದ ಕಥೆ ಹೇಳಿದರು. ಮೂರು ವರ್ಷ ತಾರೀಖು ಬಿದ್ದು, ತೀರ್ಪು ಮಾಬೂಬಿಯ ಕಡೆಗಾಯಿತು. ಅವಳು ಸಂತೋಷದಿಂದ ಕೂಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದ ಅತ್ತಳು.

ನಾನು ಮುದಿಯಾದೆ. ನನ್ನ ನಳಿಕೆ ಗಟ್ಟಿಯಾಯಿತು, ಬಿಡಿಭಾಗ ಸಿಗುವುದು ನಿಂತಿತು. ನಾನಿನ್ನೂ ಸರಿಯಿದ್ದ ಕೊನೆಯ ವಾರ ಮಾಬೂಬಿ ತಾನಾಗಿ ಸರ್ವಮಂಗಳಾ ಅವರ ಬಳಿ ಹೋದಳು.

"ನಂದೂ ಬರೀರಿ ಬಾಯಾರ. ನಮ್ಮಣ್ಣ ಒಬ್ಬಾಂವ ಸವಣೂರಾಗ ಅದಾನ. ಗಿರಣ್ಯಾಗ ಇಬ್ಬರು ಹೆಣ್ಮಕ್ಕಳು ದುಡೀತಾರ, ಅವ್ರಿಗೂ ಏನರ ಹೋಗಬೇಕು."

"ನಿಮ್ಮ ಮುಸ್ಲಿಂ ಕಾಯ್ದೆ ಬ್ಯಾರೆ ಮಾಬೂಬಿ. ಅಣ್ಣ ಒಪ್ಪದಿದ್ರ ಮೂರರಾಗ ಒಂದು ಪಾಲಷ್ಟ ಹೊರಗಿನವ್ರಿಗೆ ಬರಿಯಾಕ ಬರತೈತಿ. ಆ ಪಾಲಿಗೆ ಇಬ್ಬರ ಹೆಸರೂ ಹಾಕ್ಲೇನು?"

ಮಾಬೂಬಿ ಎದ್ದು ನಿಂತಳು. "ತಡೀರಿ. ಮೊದಲ ಅವ್ರನ್ನ ಕೇಳಿ ಬರ್ತೀನಿ. ನನ್ನ ಯಾರೂ ಕೇಳಿದ್ದಿಲ್ಲ."

ಈಗ ನಾನು ಪ್ರಭಾಕರ ಅವರ ಮೇಜಿನ ಖಾನೆಯಲ್ಲಿದ್ದೇನೆ, ಕೆಟ್ಟುಹೋದ ಹತ್ತಾರು ಯಂತ್ರಗಳ ನಡುವೆ. ಮೂರು ಮಂದಿಯ ಕಿವಿಯಲ್ಲಿದ್ದೆ. ಒಬ್ಬರು ನನ್ನನ್ನು ಬೇಡವೆಂದರು, ಇಬ್ಬರು ಬಿಡಲಿಲ್ಲ. ನನ್ನ ಆಯುಸ್ಸಿಗೆ ಅಷ್ಟು ಸಾಲದೆಂದು ಹೇಳಲಾರೆ. ಆದರೂ ಗಿರಣಿಯ ಆ ಇಬ್ಬರು ಹೆಣ್ಣುಮಕ್ಕಳು ಮಾಬೂಬಿಗೆ ಏನು ಉತ್ತರ ಕೊಟ್ಟರೆಂದು ತಿಳಿಯಲಿಲ್ಲ. ಖಾನೆ ತೆರೆದಾಗಲೆಲ್ಲ ಯಾರಾದರೂ ಹೇಳಿಯಾರೆಂದು ಜೀವ ತುಡಿಯುತ್ತದೆ.