ಮೂರು ಬಿಸಿಲು

"ಈ ಅಂಗಳ ಪೂರಾ ಯಂತ್ರಕ್ಕ ಬೇಕ್ರಿ," ಎಂದು ಅಮಿತ ಕಾಗದದ ಮೇಲೆ ಬೆರಳಿಟ್ಟ. "ಸಿಪ್ಪಿ ತಾನ ಒಣಗಿಸ್ತೈತಿ. ಹೆಣ್ಣಮಕ್ಕಳ ಗರಜ ಬೀಳೂದಿಲ್ಲ."

ಕಬ್ಬಿನ ಸಿಪ್ಪೆ ಹರವುತ್ತಿದ್ದ ಆರೂ ಹೆಂಗಸರಿಗೆ ಇದು ಕೇಳಿಸಿತು. ಲಕ್ಕವ್ವ ತಲೆಯ ಮೇಲಿನ ಹೊರೆಯನ್ನು ಅಂಗಳದ ನಟ್ಟನಡುವೆ ಒಗೆದು ಅದರ ಮೇಲೆ ಕೂತುಬಿಟ್ಟಳು.

ಕಾಗವಾಡದ ಹೊರಗಿದ್ದ ಆ ಬೆಲ್ಲದ ಗಾಣ ಭಾವುಸಾಹೇಬನದು. ಕಬ್ಬು ಅರೆದು ಉಳಿದ ಸಿಪ್ಪೆಯೇ ಕೊಪ್ಪರಿಗೆಯ ಕೆಳಗೆ ಉರಿಯಬೇಕು. ಹಸಿ ಸಿಪ್ಪೆಗೆ ಉರಿ ಏಳದಿದ್ದರೆ ಒಲೆ ನೋಡುವ ಮಲಕಾರಿ ಹಳೆ ಟೈರಿನ ತುಂಡು ಒಗೆಯುತ್ತಿದ್ದ. ಆಗ ಏಳುವ ಹೊಗೆಗೆ ಮಿರಜಿನಲ್ಲಿ ಒಣಹಾಕಿದ ಧೋತರ ಕಪ್ಪಾಗುತ್ತಿದ್ದವಂತೆ. ಬೆಳ್ಳಗಿನ ಕೊಕ್ಕರೆಯೊಂದು ಗಾಣದ ಮೇಲೆ ಹಾರಿಹೋಗಿ ಆಚೆ ಹೊಲದಲ್ಲಿ ಕಾಗೆಯಾಗಿ ಇಳಿದದ್ದನ್ನು ಕಣ್ಣಾರೆ ಕಂಡವರೂ ಇದ್ದರು. ಈ ಸಲ ಬೆಲ್ಲ ಕೊಳ್ಳುವ ಕಂಪನಿ ಹಟ ಹಿಡಿದಿತ್ತು: ಟೈರು ನಿಲ್ಲಬೇಕು, ಉರುವಲಿನ ಖರ್ಚು ಇಳಿಯಬೇಕು, ಇಲ್ಲದಿದ್ದರೆ ಬೆಲ್ಲ ಬೇಡ. ಅದಕ್ಕೇ ಯೋಜನೆ ಬರೆಯಲು ಚಿಕ್ಕೋಡಿಯಿಂದ ಅಮಿತ ಬಂದಿದ್ದ.

"ಏಳ ಬೇ ಲಕ್ಕವ್ವ, ಅವರು ಅಳತಿ ಹಿಡೀಬೇಕು," ಎಂದ ಭಾವುಸಾಹೇಬ.

"ಹಿಡೀಲ್ರಿ. ನನ್ನೂ ಕೂಡಿಸೇ ಹಿಡೀಲಿ." ಆಕೆ ಅಮಿತನ ಕಡೆ ತಿರುಗಿದಳು. "ಸಾಹೇಬ್ರ, ನಿಮ್ಮ ಯಂತ್ರ ಏನ ತಿಂತೈತ್ರಿ?"

"ಕರೆಂಟ್ ರೀ ಅಕ್ಕಾರ. ಹೊಗಿ ಬರೂದಿಲ್ಲ."

"ಇಲ್ಲಿ ಬರೂದಿಲ್ಲ. ನಮ್ಮ ಮೈದುನ ಕರೆಂಟ್ ಮಾಡೂ ಕಡೆ ಕಲ್ಲಿದ್ದಲಿ ತುಂಬತಾನ್ರಿ. ಮನಿಗೆ ಬಂದ್ರ ಹೆಂಡ್ತಿಗೆ ಅವನ ಮಕದ ಗುರ್ತ ಹತ್ತೂದಿಲ್ಲ, ದನಿ ಕೇಳಿ ಊಟಕ್ಕ ನೀಡತಾಳ."

ಅಮಿತ ನಕ್ಕ. ಆಮೇಲೆ ನಗು ನಿಲ್ಲಿಸಿ ಕಾಗದ ನೋಡಿದ. "ಖರೆ ಐತ್ರಿ. ಆದ್ರ ನಿಮ್ಮ ಕಡಿಂದ ಸಿಪ್ಪಿ ಒಣಗವಲ್ದಲ್ರಿ."

"ಒಣಗಾಕ ಬಿಟ್ರ ತಾನ ಒಣಗೂದು? ಅರ್ಧಾ ಅಂಗಳಾ ಸಾವಕಾರ್ರ ಟ್ರಾಲಿ ತಿಂದಾವ. ಇವತ್ತ ಹರವಿದ್ದು ನಾಳೆ ಒಲಿಗೆ ಹೊಕ್ಕೈತಿ. ಅದಕ್ಕ ಮೂರು ಬಿಸಲ ಬೇಕ್ರಿ, ಮೂರು."

ಒಲೆಯ ಬಾಯಿಂದ ಮಲಕಾರಿ ದನಿಗೂಡಿಸಿದ. "ಒಣಗಿದ್ದ ಸಿಪ್ಪಿ ಇದ್ರ ನಾ ಯಾಕ ಟೈರ್ ಒಗೀತಿದ್ದೆ? ನನ್ನ ಮೂಗ ಸತ್ತು ಎಂಟು ವರ್ಷ ಆತು. ಸಾರು ಸೀದ್ರೂ ಘಮಾ ಘಮಾ ಅಂತೈತಿ ಅಂತೀನಿ."

"ಅದಕ್ಕ ನಿನ್ನ ಹೆಂಡ್ತಿ ಸುಖದಾಗ ಅದಾಳ," ಎಂದಳು ಲಕ್ಕವ್ವ.

ಭಾವುಸಾಹೇಬ ನಗಲಿಲ್ಲ. "ಮೂರು ದಿನಾ ತಗೋ. ಆಗಲಿಲ್ಲಂದ್ರ ಸೋಮವಾರದಿಂದ ಆರೂ ಮಂದಿ ಮನ್ಯಾಗ ಇರ್ರಿ."

"ಆತಂದ್ರ?"

ಆತ ಟ್ರಾಲಿ ತೆಗೆಯಲು ಆಳುಗಳಿಗೆ ಕೈಮಾಡಿದ.

ಟ್ರಾಲಿಗಳು ರಸ್ತೆಗೆ ಹೋದವು. ಹೆಂಗಸರು ಸಿಪ್ಪೆಯನ್ನು ಹಾಳೆಯಂತೆ ತೆಳ್ಳಗೆ ಹರವಿದರು, ಮಧ್ಯಾಹ್ನ ತಿರುವಿದರು, ಸಂಜೆ ಗುಂಪಿಟ್ಟು ತಾಡಪತ್ರಿ ಹೊದಿಸಿದರು. ಇಬ್ಬನಿ ಬಿದ್ದ ಬೆಳಿಗ್ಗೆ ಲಕ್ಕವ್ವ ಆಕಾಶವನ್ನು ಎಷ್ಟು ಬೈದಳೆಂದರೆ ಸೂರ್ಯ ಅಂದು ಅರ್ಧ ತಾಸು ಮೊದಲೇ ಬಂದ.

ನಾಲ್ಕನೆಯ ದಿನ ಕೊಪ್ಪರಿಗೆ ಏರಿತು. ಅಮಿತ ಪ್ರತಿ ಹೊರೆಯನ್ನೂ ತೂಗಿ ಒಲೆಗೆ ಬಿಟ್ಟ. ಮೊದಲಿಗೆ ಉರಿ ಚೆನ್ನಾಗಿಯೇ ಎದ್ದಿತು. ಕಬ್ಬಿನ ಹಾಲು ಕುದಿ ಹಿಡಿಯುವ ಹೊತ್ತಿಗೆ ಸರಿಯಾಗಿ ಕುಗ್ಗಿ, ಒಲೆಯೊಳಗೆ ಕಪ್ಪಾಯಿತು.

"ನಾ ಹೇಳಿದ್ನಲ್ಲ?" ಭಾವುಸಾಹೇಬ ಎದ್ದ. "ಟೈರ್ ಹಾಕೋ ಮಲಕಾರಿ. ಪಾಕ ಕೆಟ್ಟೀತು."

ಮಲಕಾರಿ ತುಂಡು ಎತ್ತಿದ. ಲಕ್ಕವ್ವ ಅದನ್ನು ಅವನ ಕೈಯಿಂದ ಕಿತ್ತು ಬೇಲಿಯಾಚೆ ಎಸೆದಳು. ಬಗ್ಗಿ ಒಲೆಯೊಳಗೆ ನೋಡಿದಳು. ಎಂಟು ವರ್ಷ ಹಸಿ ಸಿಪ್ಪೆ ತುರುಕಿದ ಮಲಕಾರಿಯ ಕೈ ಒಣ ಸಿಪ್ಪೆಯನ್ನೂ ಹಾಗೆಯೇ ತುರುಕಿತ್ತು.

"ಇಷ್ಟ ತುರುಕಿದ್ರ ಅದು ಉಸರ ಎಲ್ಲಿಂದ ತಗೋಬೇಕೋ? ಹೊರಗ ಎಳಿ. ಹಿಡಿ ಹಿಡಿ ಹಾಕ, ಕೂಸಿಗೆ ತುತ್ತ ಇಟ್ಟಂಗ."

ಮಲಕಾರಿ ಸಲಾಕೆಯಿಂದ ಅರ್ಧ ಸಿಪ್ಪೆ ಹೊರಗೆಳೆದ. ಒಲೆ ಒಮ್ಮೆ ಬುಸ್ಸೆಂದಿತು. ಉರಿ ಕೊಪ್ಪರಿಗೆಯ ತಳವನ್ನೆಲ್ಲ ನೆಕ್ಕುತ್ತ ಎದ್ದಿತು. ಚಿಮಣಿಯಿಂದ ಬೀಡಿಯ ಹೊಗೆಯಷ್ಟು ಬಿಳಿ ಹೊಗೆ ಹೊರಟಿತು.

ದಿನಾ ನಲವತ್ತು ಹೊರೆ ನುಂಗುತ್ತಿದ್ದ ಒಲೆ ಅಂದು ಇಪ್ಪತ್ತಾರಕ್ಕೆ ಬೆಲ್ಲ ಇಳಿಸಿತು. ಅಮಿತ ತಕ್ಕಡಿ ಮಡಚಿಟ್ಟು, ಯಂತ್ರದ ಚಿತ್ರವಿದ್ದ ಹಾಳೆಯ ಮೇಲೆ ಅಡ್ಡಗೆರೆ ಎಳೆದ. "ಇದು ಬ್ಯಾಡ್ರಿ ಸಾವಕಾರ್ರ. ಅಂಗಳ ಬಿಟ್ಟಕೊಡ್ರಿ, ಸಾಕು."

ಭಾವುಸಾಹೇಬ ಅಂಗಳದಲ್ಲಿ ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. "ಮತ್ತ ನನ್ನ ಟ್ರಾಲಿ ಎಲ್ಲಿ ನಿಲ್ಲಸ್ಲಿ?" ಎಂದ. "ನೋಡೂಣು. ವಿಚಾರ ಮಾಡಿ ಹೇಳತೀನಿ."

ಲಕ್ಕವ್ವ ಕಾಯಲಿಲ್ಲ. ಅಂದು ಅರೆದ ಹಸಿ ಸಿಪ್ಪೆಯನ್ನು ಹೆಂಗಸರು ಹೊತ್ತು ತಂದರು. ಗೋಡೆಯಿಂದ ಹರವುತ್ತ ಹರವುತ್ತ ಬಂದ ಲಕ್ಕವ್ವ ಹೊರಸಿನ ತನಕ ಬಂದಳು. ಏಳಿ ಅನ್ನಲಿಲ್ಲ, ಸರಿಯಿರಿ ಅನ್ನಲಿಲ್ಲ. ಬಗ್ಗಿ ಹೊರಸಿನ ಕೆಳಗೂ ಕೈ ಹಾಕಿ ಸಿಪ್ಪೆ ಹರವತೊಡಗಿದಳು.

ಭಾವುಸಾಹೇಬ ಎರಡೂ ಕಾಲು ಮೇಲೆತ್ತಿಕೊಂಡ.