ಎರಡನೇ ಗುಂಪಿನ ಕಾಲು

ನಾನು ನೆಲಕ್ಕೆ ಹಾಸುವ ಒಂದು ಉಕ್ಕಿನ ಹಲಗೆ. ತುಳಿಸಿಕೊಳ್ಳುವುದೇ ನನ್ನ ಕಸುಬು. ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ಮೇಲೆ ಯಾರಾದರೂ ಜಿಗಿದು ಇಳಿದರೆ, ಯಾವ ಕಾಲು ಎಷ್ಟು ಭಾರ ಹೊತ್ತಿತು, ಯಾವುದು ಮೈಗಳ್ಳತನ ಮಾಡಿತು ಎಂದು ಕಂಪ್ಯೂಟರಿಗೆ ಹೇಳುತ್ತೇನೆ. ಸುಳ್ಳು ಹೇಳಿದ್ದಿಲ್ಲ. ನಿಜ ಹೇಳಿ ಯಾರನ್ನೂ ಉದ್ಧಾರ ಮಾಡಿದ್ದೂ ಇಲ್ಲ, ಬಿಡಿ.

ಗದಗ ಸೀಮೆಯ ಒಂದು ಕ್ರೀಡಾ ಹಾಸ್ಟೆಲಿಗೆ ನನ್ನನ್ನು ತಂದವರು ಅಲ್ಲಿನ ಕೋಚ್ ಹೂಲಿ ಸರ್. ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದರು. ಖೋ-ಖೋ ಆಡುವ ನಲವತ್ತು ಹುಡುಗಿಯರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಮೊದಲ ಗುಂಪಿಗೆ ಮೊಣಕಾಲು ಗಟ್ಟಿಯಾಗುವ ವ್ಯಾಯಾಮ. ಎರಡನೆಯದಕ್ಕೆ ಏನೂ ಇಲ್ಲ. ವರ್ಷದ ಕೊನೆಗೆ ಯಾವ ಗುಂಪಿನಲ್ಲಿ ಎಷ್ಟು ಮೊಣಕಾಲು ಹೋದವು ಎಂದು ನೋಡುವುದು. ಅಲ್ಲಿಯವರೆಗೆ ಯಾರ ಅಳತೆಯನ್ನೂ ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಪ್ರಯೋಗ ಕೆಟ್ಟಿತು. ಮಡಿ ಅಂದರೆ ಅಂಥ ಮಡಿ!

ಕಸ್ತೂರಿ ಎರಡನೇ ಗುಂಪಿಗೆ ಬಂದಳು. ಹದಿನೇಳು ವರ್ಷ, ಓಟದಲ್ಲಿ ಕೈಗೆ ಸಿಗದವಳು. ರಾಜ್ಯ ತಂಡಕ್ಕೆ ಆಯ್ಕೆಯಾಗುವುದೊಂದೇ ಅವಳ ಜಪ. ಆಡಲಾಗದವರಿಗೆ ಆ ಹಾಸ್ಟೆಲಿನಲ್ಲಿ ಜಾಗವೂ ಇರಲಿಲ್ಲ. ಪ್ರತಿ ತಿಂಗಳೂ ನನ್ನ ಮೇಲೆ ಜಿಗಿದಳು. ಪ್ರತಿ ತಿಂಗಳೂ ಅವಳ ಎಡಗಾಲು ಇನ್ನಷ್ಟು ಸೋಲುತ್ತಿತ್ತು. ನಾನು ಬಾಯಿ ಬಡಿದುಕೊಂಡಂತೆ ಪರದೆಯ ಮೇಲೆ ಕೆಂಪು ಗೆರೆ ಬಿಡಿಸಿದೆ.

"ಸರ್ರ, ಇಳಿಯೋ ಮುಂದ ಎಡಗಾಲು ಒಳಗ ವಾಲಿದಂಗ ಆಗಾಕತ್ತೈತ್ರಿ. ನಾನೂ ಅವರ ಜೋಡಿ ವ್ಯಾಯಾಮ ಮಾಡ್ಲೇನ್ರಿ?" ಎಂದಳು.

ಸರ್ ಕೆಂಪು ಗೆರೆ ನೋಡಿದರು, ಪರದೆ ಆರಿಸಿದರು. "ಬ್ಯಾಡವಾ. ನೀ ಎರಡನೇ ಗುಂಪು. ಸುಮ್ನ ಆಡು, ಏನೂ ಆಗಂಗಿಲ್ಲ."

ಹುಡುಗಿ ಸುಮ್ಮನಿರಲಿಲ್ಲ. ಕೋಣೆಯ ಗೆಳತಿಯಿಂದ ಕಲಿತು ಕದ್ದು ವ್ಯಾಯಾಮ ಮಾಡಿದಳು. ಮುಂದಿನ ತಿಂಗಳು ಎಡಗಾಲು ಚೇತರಿಸಿತ್ತು! ನನಗೆ ಎಂಥ ಖುಷಿ! ಖುಷಿಗೆ ಅದನ್ನೂ ಹೇಳಿಬಿಟ್ಟೆ. ಸರ್ ಗೆರೆ ನೋಡಿದ್ದೇ ತಡ, ಕಳ್ಳತನ ಹಿಡಿದರು.

"ನನ್ನ ಎರಡು ವರ್ಷದ ದುಡಿಮಿ ಮಣ್ಣು ಮಾಡ್ತೀಯೇನ? ಇನ್ನೊಮ್ಮೆ ಮಾಡಿದ್ರ ಆಯ್ಕೆ ಪಟ್ಟಿಗೆ ನಿನ್ನ ಹೆಸರ ಹೋಗಂಗಿಲ್ಲ, ನೋಡು!"

"ತಪ್ಪಾತ್ರಿ ಸರ್ರ," ಎಂದು ಅತ್ತಳು. ಅಂದಿನಿಂದ ನಿಲ್ಲಿಸಿದಳು. ಗುರು ಹೇಳಿದ ಮೇಲೆ ಮುಗಿಯಿತು.

ಆಯ್ಕೆಯ ದಿನ ಕಂಬ ಹಿಡಿದು ತಿರುಗುವಾಗ ಅವಳ ಎಡ ಮೊಣಕಾಲಿನ ಲಿಗಮೆಂಟು ಹರಿಯಿತು. ಅವಳ ಕೂಗು ಮೈದಾನದಿಂದ ನಾನಿದ್ದ ಕೋಣೆಯವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸರ್ ಬಂದು ತಮ್ಮ ಗೈಡಿಗೆ ಫೋನ್ ಹಚ್ಚಿದರು. "ಎರಡನೇ ಗುಂಪಿನ್ಯಾಗ ಐದಾತ್ರಿ ಸರ್! ಮೊದಲನೇದ್ರಾಗ ಒಂದ. ಇನ್ನ ಪುರಾವೆ ಸಾಲದು ಅಂತ ಯಾರೂ ಅನ್ನಂಗಿಲ್ಲ." ಆ ದನಿಯಲ್ಲಿದ್ದ ಸಂತೋಷಕ್ಕೆ ನನ್ನ ಉಕ್ಕೂ ಹೇಸಿತು.

ತಿಂಗಳಾದ ಮೇಲೆ ಕಸ್ತೂರಿ ಊರುಗೋಲು ಊರಿಕೊಂಡು ತನ್ನ ಟ್ರಂಕು ಒಯ್ಯಲು ಬಂದಳು. ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ ಕೇಳಿದಳು: "ಸರ್ರ, ನಿಮ್ಮ ಮಾತು ಮೀರಿ ಕದ್ದು ವ್ಯಾಯಾಮ ಮಾಡಿದ್ನಲ್ರಿ, ಅದಕ್ಕ ಕಾಲು ಹೋತೇನ್ರಿ?"

ಸರ್ ಕಾಗದಗಳಿಂದ ತಲೆ ಎತ್ತಲಿಲ್ಲ. "ಇರಬೌದವಾ," ಎಂದರು.

ಅವಳು ಅವರ ಕಾಲು ಮುಟ್ಟಲು ಹೋದಳು, ಬಗ್ಗಲು ಆಗಲಿಲ್ಲ. ನಿಂತಲ್ಲಿಂದಲೇ ಕೈ ಮುಗಿದು ಹೋದಳು.

ಈಗ ನಾನು ಉಗ್ರಾಣದಲ್ಲಿ ಹರಿದ ಬಲೆಗಳ ಕೆಳಗೆ ಬಿದ್ದಿದ್ದೇನೆ. ಆ ವ್ಯಾಯಾಮವನ್ನು ಈಗ ಎಲ್ಲ ಹುಡುಗಿಯರಿಗೂ ಕಲಿಸುತ್ತಾರೆ. ಮೊಣಕಾಲುಗಳು ಉಳಿದಿವೆ, ಒಳ್ಳೆಯದೇ. ಕಸ್ತೂರಿ ಮಾತ್ರ ಎಲ್ಲೋ ಕುಂಟುತ್ತ, ತನ್ನ ಕಾಲು ತಾನೇ ಮುರಿದುಕೊಂಡೆ ಎಂದು ನಂಬಿದ್ದಾಳೆ. ಅದು ಸುಳ್ಳೆಂದು ಬಲ್ಲವರು ಇಬ್ಬರೇ. ಒಬ್ಬರು ಡಾಕ್ಟರ್ ಹೂಲಿ. ಇನ್ನೊಂದು, ಬಾಯಿಲ್ಲದ ನಾನು.