ಬಿಳಿಯ ಮೇಲೆ ಬಿಳಿ ಹೆಸರು

ನಾನು ಪಂಥ ಬಿಟ್ಟ ದಿನದಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಮನೆ ಬಿಡಲಿಲ್ಲ. ಇರುವುದೇ ಎರಡು ಕೋಣೆ, ಬಿಟ್ಟು ಹೋಗುವುದಾದರೂ ಎಲ್ಲಿಗೆ? ಪಂಥ ಬಿಟ್ಟವರೊಡನೆ ಮಾತು ನಿಷಿದ್ಧ. ಹೊಲಿಗೆ ಮಿಷನ್ನಿನೊಡನೆ ನಿಷಿದ್ಧ ಎಂದು ಎಲ್ಲೂ ಬರೆದಿಲ್ಲ. ಹೀಗಾಗಿ ಮೂರು ವರ್ಷದಿಂದ ನನಗೆ ಹೇಳಬೇಕಾದ್ದನ್ನೆಲ್ಲ ಅಮ್ಮ ಮಿಷನ್ನಿಗೆ ಹೇಳುತ್ತಿದ್ದಳು.

"ಊಟ ಆರಿಹೋಗ್ತಾ ಇದೆ ಅಂತ ಆ ಕತ್ತೆಗೆ ಹೇಳು."

ಒಮ್ಮೆ ಮಿಷನ್ನನ್ನು ರಿಪೇರಿಗೆ ಕೊಟ್ಟಾಗ ಎಂಟು ದಿನ ತುಟಿ ಬಿಚ್ಚಲಿಲ್ಲ. ಅದು ವಾಪಸು ಬಂದ ಕೂಡಲೆ ಅದರ ಕ್ಷೇಮ ವಿಚಾರಿಸಿ, ಎಂಟು ದಿನದ ಬೈಗುಳ ಒಟ್ಟಿಗೆ ಕೊಟ್ಟಳು.

ಪಂಥದಲ್ಲಿದ್ದಾಗ ನನ್ನದು ಹೆಸರು ಹೊಲಿಯುವ, ಬಿಟ್ಟವರದನ್ನು ಬಿಚ್ಚುವ ಕೆಲಸ. ಸಭಾಮಂದಿರದ ಗೋಡೆಯುದ್ದಕ್ಕೂ ಒಂದು ಬಿಳಿ ಬಟ್ಟೆ, ಅದರ ಮೇಲೆ ಬಿಳಿ ನೂಲಿನಲ್ಲಿ ಎಲ್ಲ ಸದಸ್ಯರ ಹೆಸರು. ಯಾರೂ ಓದಿ ಬೀಗಬಾರದಲ್ಲ, ಅದಕ್ಕೆ. ಈಗ ನಾನು ಬಣ್ಣದ ನೂಲಿನ ಕಲಾವಿದೆ. ಮಾಡಿದ್ದೆಲ್ಲ ಬಿಟ್ಟುಬಂದದ್ದರ ಬಗ್ಗೆಯೇ.

ಹೊಸ ಪ್ರದರ್ಶನಕ್ಕೆ ಗ್ಯಾಲರಿಯವಳು ಆ ಬಟ್ಟೆಯಿಂದ ಬಿಚ್ಚಿದ ನನ್ನ ಹೆಸರಿನ ನೂಲನ್ನೇ ಕೇಳಿದಳು. "ಅದೊಂದು ತನ್ನಿ ಕಣ್ರೀ, ಗಾಜಿನ ಪೆಟ್ಟಿಗೇಲಿ ಇಟ್ಟುಬಿಡೋಣ."

ಪಂಥದ ಕಚೇರಿಗೆ ಹೋದೆ. ಗುಮಾಸ್ತ ನನ್ನ ಕಡೆ ನೋಡದೆ ತನ್ನ ಸ್ಟೇಪ್ಲರ್‌ಗೆ ಹೇಳಿದ: "ಬಂದವಳಿಗೆ ಹೇಳಪ್ಪ, ಬಿಟ್ಟವರ ಹೆಸರು ಬಿಚ್ಚಲೇಬೇಕು. ಆ ಕೆಲಸ ಗೊತ್ತಿದ್ದವಳು ಅವಳೊಬ್ಬಳೇ, ಅವಳೇ ಬಿಟ್ಟು ಹೋದಳು. ತಾನೇ ಬಿಚ್ಚಿಕೊಳ್ಳಲಿ."

ಎರಡು ದಿನ ಬಟ್ಟೆಯನ್ನು ಬೆರಳ ತುದಿಯಲ್ಲಿ ಓದಿದೆ. ಅಮ್ಮ ಸಿಕ್ಕಳು. ತೀರಿಹೋದ ಅಪ್ಪ ಸಿಕ್ಕ. ಗುಮಾಸ್ತ ಎರಡು ಕಡೆ ಸಿಕ್ಕ. ನಾನು ಮಾತ್ರ ಎಲ್ಲೂ ಇರಲಿಲ್ಲ. ಆಮೇಲೆ ನೆನಪಾಯಿತು. ನನ್ನ ಸರದಿ ಬಂದಾಗ ಸೂಜಿ ನನ್ನ ಕೈಯಲ್ಲೇ ಇತ್ತು. ಮೊದಲು ಉಳಿದವರದು ಮುಗಿಯಲಿ, ನನ್ನದೇನು, ಆಮೇಲೆ ಹೊಲಿದರಾಯಿತು ಅಂದುಕೊಂಡಿದ್ದೆ. ಉಳಿದವರದು ಎಂದಾದರೂ ಮುಗಿಯುತ್ತದೆಯೇ?

"ಇಲ್ವಂತಾ?" ಎಂದು ಸ್ಟೇಪ್ಲರನ್ನು ಕೇಳಿದ ಗುಮಾಸ್ತ, ತಟ್ಟನೆ ನನ್ನ ಕಡೆ ತಿರುಗಿ ಎದ್ದು ನಿಂತ. "ಅಯ್ಯೋ, ಹೆಸರಿಲ್ಲ ಅಂದ್ರೆ ಸೇರೇ ಇಲ್ಲ, ಹಾಗಾದ್ರೆ ನೀವು ಹೊರಗಿನವರು! ಮೊದಲೇ ಹೇಳಬಾರದಾ? ಕೂತ್ಕೊಳ್ಳಿ. ನೀರು ಬೇಕಾ?"

"ನನಗೆ ನನ್ನ ನೂಲು ಬೇಕು."

"ಅದಕ್ಕೇನು, ಇವತ್ತು ಸೇರಿ, ನಾಳೆ ಬಿಡಿ. ಹೆಸರು ಹೊಲೀರಿ, ಬೆಳಿಗ್ಗೆ ಬಂದು ಬಿಚ್ಕೊಂಡು ಹೋಗಿ."

"ಹೊಲೀದೇ ಇದ್ರೆ?"

"ಹೊರಗಿನವರಾಗೇ ಇರ್ತೀರಿ. ಹೊರಗಿನವರ ಹತ್ರ ನಮ್ಮವರು ಧಾರಾಳವಾಗಿ ಮಾತಾಡಬಹುದು. ಬಹುವಚನದಲ್ಲಿ ಮಾತ್ರ."

ಸೂಜಿಗೆ ನೂಲು ಪೋಣಿಸಿ ಬಟ್ಟೆಯ ಮುಂದೆ ನಿಂತೆ. ಒಂದು ಹೆಸರು, ಹತ್ತು ನಿಮಿಷದ ಕೆಲಸ. ಹೊಲಿದರೆ ನಾಳೆ ನಾನು ನಿಜವಾಗಿ ಬಿಟ್ಟವಳು. ಇಲ್ಲದಿದ್ದರೆ ಏನನ್ನೂ ಬಿಡದವಳು, ಮೂರು ವರ್ಷದ ಕಲಾಕೃತಿಗಳಿಗೆಲ್ಲ ಬುಡವೇ ಇಲ್ಲ. ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, ನಾನು ಎಂದೂ ಸೇರಿರಲಿಲ್ಲ ಎಂಬುದಕ್ಕೆ ಒಂದು ಚೀಟಿ ಬರೆಸಿಕೊಂಡೆ. ಮೊಹರು ಹಾಕಿಸಿಕೊಂಡೆ.

ದಾರಿಯಲ್ಲೇ ಗ್ಯಾಲರಿಯವಳ ಫೋನು. ಇದ್ದದ್ದು ಹೇಳಿದೆ. "ಬಿಟ್ಟೇ ಇಲ್ಲ ಅಂದ್ರೆ ಏನ್ರೀ ಅರ್ಥ? ಕಾರ್ಡಿನಲ್ಲಿ ಏನಂತ ಹಾಕಲಿ ನಿಮ್ಮನ್ನ?"

"ಗೊತ್ತಿಲ್ಲ. ಸದ್ಯಕ್ಕೆ ಜಾಗ ಬಿಟ್ಟಿರಿ."

ಅಮ್ಮ ಚೀಟಿಯನ್ನು ಮೂರು ಸಲ ಓದಿದಳು. ಮೊಹರನ್ನು ದೀಪಕ್ಕೆ ಹಿಡಿದು ನೋಡಿದಳು. ಅಭ್ಯಾಸಬಲದಿಂದ ಮಿಷನ್ನಿನ ಕಡೆ ತಿರುಗಿದವಳು ಅರ್ಧದಲ್ಲೇ ನಿಂತು, ನಿಧಾನಕ್ಕೆ ನನ್ನ ಮುಖ ನೋಡಿದಳು.

"ಬನ್ನಿ," ಎಂದಳು. "ತುಂಬಾ ಇಳಿದು ಹೋಗಿದೀರಿ. ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ?"

"ಅಮ್ಮ ಇದಾರೆ."

"ಏನು ಮಾಡ್ತಾರೆ ಅವರು?"

"ಮೂರು ವರ್ಷದಿಂದ ಮಿಷನ್ ಹತ್ರ ಮಾತಾಡ್ತಾರೆ."

"ಪಾಪ. ತಲೆ ಕೆಟ್ಟಿರಬೇಕು."

ಅಮ್ಮ ತಟ್ಟೆ ಇಟ್ಟಳು, ಬಡಿಸಿದಳು. ಹಾಗೇ ಕೂರಲು ಹೋದ ನನ್ನ ಭುಜಕ್ಕೆ ಒಂದು ಏಟು ಬಿತ್ತು.

"ಕೈ ತೊಳ್ಕೊಂಡು ಬನ್ನಿ, ಕತ್ತೆಯವರೇ."